ಎಡಮೂಲೆಯಲ್ಲಿ ನಿಂತಿದ್ದ ದೇವೀರಿ

ನಮ್ಮೂರಲ್ಲಿ ಸತ್ತವರು ಹನ್ನೊಂದನೆಯ ದಿನಕ್ಕೆ ಯಾರದಾದರೂ ಮನೆಯ ವಿಡಿಯೋ ಕ್ಯಾಸೆಟ್ಟಿಗೆ ಬಂದು ನಿಲ್ಲುತ್ತಿದ್ದರು. ಉಳ್ಳವರು ತಮ್ಮ ಮನೆಯ ಕ್ಯಾಸೆಟ್ಟಿಗೇ ಬರುತ್ತಿದ್ದರು. ಅವರ ಮದುವೆ, ಅವರ ನಾಮಕರಣ, ಅವರ ಗೃಹಪ್ರವೇಶ, ಕೂರುವುದಕ್ಕೆ ಅವರದೇ ಸೋಫಾ. ಕೆಳಗಿನ ಕೇರಿಯ ನಮಗೆ ಕ್ಯಾಸೆಟ್ಟೆಲ್ಲಿತ್ತು? ಕ್ಯಾಮೆರಾದವನು ನಮ್ಮ ಮನೆಯ ಶುಭಕಾರ್ಯಕ್ಕೆ ಒಂದು ದಿನವೂ ಬಂದವನಲ್ಲ. ಹಾಗಾಗಿ ನಮ್ಮ ಸತ್ತವರು ಉಳ್ಳವರ ಕ್ಯಾಸೆಟ್ಟಿಗೆ ಹೋಗಿ, ಬದುಕಿದ್ದಾಗ ಎಲ್ಲಿ ನಿಲ್ಲುತ್ತಿದ್ದರೋ ಅಲ್ಲೇ ನಿಲ್ಲುತ್ತಿದ್ದರು. ಚಪ್ಪರದ ಕಂಬದ ಹಿಂದೆ, ಪಾತ್ರೆ ತೊಳೆಯುವ ನಲ್ಲಿಯ ಬಳಿ, ಎಂಜಲೆಲೆ ಎತ್ತುವ ಸಾಲಿನ ಕೊನೆಗೆ. ಸತ್ತ ಮೇಲಾದರೂ ನಮ್ಮವರೊಬ್ಬರು ಮುಂದಿನ ಕುರ್ಚಿಗೆ ಬಂದು ಕೂತದ್ದನ್ನು ನಾನು ನೋಡಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಕ್ಯಾಸೆಟ್ಟಿನ ಮನೆಯವರು ಟೀವಿಯನ್ನು ಕಿಟಕಿಗೆ ಮುಖ ಮಾಡಿ ಇಡಬೇಕೆಂದು ಊರಿನ ಕಟ್ಟು ಇತ್ತು. ಕೇರಿಯವರು ಹೋಗಿ ಮೊದಲು ಅವರ ಅಂಗಳ ಗುಡಿಸಿ, ನೀರು ಹಾಕಿ, ಆಮೇಲೆ ಕಿಟಕಿಯ ಸರಳು ಹಿಡಿದು ನಿಲ್ಲಬೇಕು. ಒಳಗೆ ಬರಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾವೂ ಹೋಗುತ್ತಿರಲಿಲ್ಲ. ಯಾರದೋ ಧಾರೆ, ಯಾರದೋ ಆರತಕ್ಷತೆ ಗಂಟೆಗಟ್ಟಲೆ ಓಡುವುದು. ನಮ್ಮವರು ಮೂಲೆಯಲ್ಲಿ ಕಾಣುವ ಅರೆಗಳಿಗೆಗಾಗಿ ನಾವು ಬಿಸಿಲಲ್ಲಿ ಕಾಯುವುದು. ಸುಣ್ಣದ ಗೂಡುಗಳ ಬಿಳೀ ಧೂಳು ತಲೆಯ ಮೇಲೆ ಕೂತು, ಮನೆಗೆ ಮರಳುವಾಗ ಎಲ್ಲರೂ ಒಂದೇ ವಯಸ್ಸಿನ ಮುದುಕರಂತೆ ಕಾಣುತ್ತಿದ್ದೆವು.

ನಮ್ಮಪ್ಪ ತಮಟೆ ಗುರುವಯ್ಯ ದೊಡ್ಡಮನೆಯ ಮದುವೆ ಕ್ಯಾಸೆಟ್ಟಿಗೆ ಬಂದಿದ್ದ. ನಮ್ಮವರಲ್ಲಿ ನಡುವೆ ಬರುವ ಹಕ್ಕು ಇದ್ದದ್ದು ತಮಟೆಯವರಿಗೆ ಮಾತ್ರ. ಅವರು ಮುಂದೆ ಕುಣಿಯದೆ ಮೆರವಣಿಗೆ ಹೊರಡುವುದಿಲ್ಲವಲ್ಲ. ಅದೇ ಮನೆಯ ಗೃಹಪ್ರವೇಶದ ಕ್ಯಾಸೆಟ್ಟಿನಲ್ಲಿ ಪುಟ್ಟಮಾದವ್ವನ ಮಗಳು ದೇವೀರಿ ಇದ್ದಳು. ಹತ್ತೊಂಬತ್ತು ವರ್ಷದ ಹುಡುಗಿ, ಸುಣ್ಣದ ಗೂಡಿನ ಗುಂಡಿ ಕುಸಿದು ಸತ್ತವಳು. ಗೂಡಿನ ಒಡೆಯ ಅದೇ ದೊಡ್ಡಮನೆಯ ಯಜಮಾನ. ದೇವೀರಿಯ ಒಂದು ಫೋಟೋ ಕೂಡ ಲೋಕದಲ್ಲಿ ಇರಲಿಲ್ಲ. ಹನ್ನೊಂದನೆಯ ದಿನ ಅವಳು ಒಡೆಯನ ಮನೆಯ ಹೊಸ್ತಿಲಾಚೆ, ತೆರೆಯ ಎಡಮೂಲೆಯಲ್ಲಿ, ಬಾಳೆಕಂಬದ ನೆರಳಿನಲ್ಲಿ ಬಂದು ನಿಂತಳು. ಪೂಜೆಯ ನಡುವೆ ನಲವತ್ತು ಸೆಕೆಂಡು ಕಾಣುತ್ತಿದ್ದಳು. ಪುಟ್ಟಮಾದವ್ವ ನಾಲ್ಕು ವರ್ಷ ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ.

"ಅಮ್ಮಣ್ಣೀ, ಒಂಚೂರು ನಿಲ್ಸಿ ನಮ್ಮವ್ವ, ಕೈ ಮುಗಿತೀನಿ" ಎಂದು ಅವಳು ಸರಳಿಗೆ ಹಣೆ ಒತ್ತಿ ಕೇಳುವಳು.

ಒಳಗಿನಿಂದ ದೊಡ್ಡಮನೆಯ ಅಮ್ಮಣ್ಣಿ, ಎಲೆಗೆ ಸುಣ್ಣ ಸವರುತ್ತಾ, "ನಿಲ್ಸಿದ್ರೆ ಟೇಪು ಸವೀತದೆ ಕಣೇ. ಮುಂದ್ಲ ಅಮಾಸೆಗೆ ಬರಲ್ವಾ ನೀನು? ಅವಳೇನು ಎದ್ದು ಓಡೋಗ್ತಾಳಾ?" ಎನ್ನುವರು.

ನನ್ನ ಹೆಸರು ಚಿಕ್ಕತಾಯಿ. ಇಂಥ ಮಾತು ಕೇಳಿ ಹಲ್ಲು ಕಡಿದುಕೊಂಡು ಬೆಳೆದವಳು ನಾನು. ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಕಟ್ಟೆಯ ಮೇಲೆ ಭಾನುವಾರ ಬೆಳಿಗ್ಗೆ ನಮ್ಮ ಓದಿನ ಕೂಟ ಸೇರುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದುವುದು, ಅಕ್ಷರ ಬಾರದವರು ಕೇಳಿ ಪ್ರಶ್ನೆ ಹಾಕುವುದು. ಯಾರ ಮುಂದೆಯೂ ದನಿ ತಗ್ಗಿಸದೆ ಮಾತಾಡುವುದನ್ನು ಅಲ್ಲೇ ಕಲಿತೆ. ಕೈಕಸುಬು ಕಲಿತದ್ದು ಬುಡನ್ ಮಾಮುವಿನ ವಿಡಿಯೋ ಅಂಗಡಿಯಲ್ಲಿ. ಊರಿನ ಮದುವೆಗಳನ್ನೆಲ್ಲ ಒಂದು ಕಾಲದಲ್ಲಿ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹಿಡಿದವರು ಅವರು. ವಯಸ್ಸಾಗಿ ಕೈ ನಡುಗತೊಡಗಿದ ಮೇಲೆ ಅಂಗಡಿಯ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಊರಿನಲ್ಲಿ ಕಂಪ್ಯೂಟರಿಗೆ ಜೋಡಿಸಿದ ವಿಸಿಆರ್ ಇದ್ದದ್ದೂ ಅಲ್ಲೊಂದೇ.

ಆ ವರ್ಷ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ರೀಲಿನ ಅಂಚಿಗೆ ಬಿಳೀ ಹುಡಿ ಕೂತು, ಓಡಿಸಿದರೆ ಚಿತ್ರ ನಡುಗುವುದು, ಮೇಲಿನ ಲೇಪ ಕಪ್ಪು ಪುಡಿಯಾಗಿ ಉದುರುವುದು. ಬುಡನ್ ಮಾಮು ನಾಲ್ಕೈದನ್ನು ಬಿಚ್ಚಿ ನೋಡಿ ಊರಿಗೆ ಹೇಳಿಕಳಿಸಿದರು. ತೊಳೆದು ಒರೆಸಿದರೆ ಪ್ರತಿಯೊಂದೂ ಇನ್ನೊಂದೇ ಒಂದು ಸಲ ಓಡುತ್ತದೆ. ಆ ಒಂದೇ ಓಟದಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾವ ಬಗೆಯ ಫೈಲಿಗೆ ಇಳಿಸುವುದು ಎಂದು ತೀರ್ಮಾನಿಸಲು ಛತ್ರದಲ್ಲಿ ಸಭೆ ಕರೆದರು. ಊರಿನ ಸತ್ತವರೆಲ್ಲರ ಗತಿ ಅದು. ಹಾಸಿಗೆ ಹಿಡಿದವರೂ ಮಂಚದ ಸಮೇತ ಬಂದರು.

ದೊಡ್ಡಮನೆಯ ಯಜಮಾನರು ಎದ್ದು ಶಲ್ಯ ಸರಿಮಾಡಿಕೊಂಡರು. "ಎಲ್ಲಾನೂ ದೊಡ್ಡ ಫೈಲಿಗೇ ಇಳಿಸೋಣ. ಇದ್ದದ್ದು ಇದ್ದಂಗೇ ಇರ್ತದೆ, ಒಂದು ಚುಕ್ಕೆ ಹೋಗಲ್ಲ. ಡಿಸ್ಕುಗಳನ್ನ ನಾವೇ ತರಿಸ್ತೀವಿ. ನಮ್ಮನೆ ಬೀರುವಿನಲ್ಲಿರ್ತವೆ. ಅಮಾಸೆ ಅಮಾಸೆಗೆ ಬಂದು ನೋಡ್ಕೊಂಡೋಗಿ, ಯಾರು ಬೇಡ ಅಂತಾರೆ?"

ನಾನು ಹಿಂದಿನಿಂದ ಎದ್ದು ನಿಂತೆ. "ಆ ಬೀರುವಿನ ಬೀಗದಕೈ ಯಾರ ಸೊಂಟದಲ್ಲಿರ್ತದೆ ಯಜಮಾನ್ರೇ?"

ಕೇರಿಯವರು ನಕ್ಕರು. ಛತ್ರದಲ್ಲಿ ನಮ್ಮವರು ಹಾಗೆ ಬಾಯಿತುಂಬ ನಕ್ಕದ್ದು ಅದೇ ಮೊದಲು. ಆ ನಗು ನನ್ನ ತಲೆಗೇರಿತು. ಚಿಕ್ಕ ಫೈಲು ಮಾಡೋಣ ಎಂದೆ. ಎಂಪಿ ಫೋರ್. ಎಷ್ಟು ಹಳೆಯ ಫೋನಿಗಾದರೂ ಹಿಡಿಸುವಷ್ಟು ಚಿಕ್ಕದು. ಊರಿನ ಕ್ಯಾಸೆಟ್ಟೆಲ್ಲ ಒಂದು ಉಗುರಿನಗಲದ ಕಾರ್ಡಿನಲ್ಲಿ ಕೂರುತ್ತದೆ, ಮನೆಗೊಂದು ಕಾರ್ಡು. "ನಮ್ಮ ಹೆಣಗಳನ್ನ ನೋಡೋಕೆ ನಿಮ್ಮ ಅಂಗಳ ಗುಡಿಸಿದ್ದು ಸಾಕು. ನಿಮ್ಮ ಗುಂಡಿಯಲ್ಲಿ ಸತ್ತೋರು ನಿಮ್ಮ ಹಬ್ಬದಲ್ಲಿ ಯಾಕೆ ನಿಂತಿರಬೇಕು? ನಮ್ಮ ಜೇಬಿಗೆ ಬರಲಿ" ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬುಡನ್ ಮಾಮು ಗೋಡೆ ಹಿಡಿದು ಎದ್ದರು. "ಬೇಟಿ, ಒಂದು ಮಾತು. ಮೊದ್ಲು ದೊಡ್ಡದಕ್ಕೇ ಇಳ್ಸು. ಅದ್ರಿಂದ ಎಷ್ಟು ಚಿಕ್ದು ಬೇಕಾದ್ರೂ ಮಾಡ್ಕೋಬಹುದು. ಚಿಕ್ಕದ್ರಿಂದ ದೊಡ್ದು ಹುಟ್ಟಲ್ಲ. ಅವರ ಡಿಸ್ಕು ಬೇಡ ಅಂದ್ರೆ ಬೇಡ, ಬಿಡು. ಮೂರು ತಿಂಗ್ಳು ತಡಿ. ನಾವೇ ಎಲ್ಲಾ ದುಡ್ಡು ಸೇರಿಸಿ ತರೋಣ. ತೇವ ಹೀರೋಕೆ ಪೆಟ್ಟಿಗೆಗೆ ಅಕ್ಕಿ ಹಾಕಿ ಬಿಗಿಯಾಗಿ ಮುಚ್ಚಿಟ್ರೆ ಟೇಪು ಅಷ್ಟು ದಿನ ತಡೀತದೆ."

ಎಷ್ಟು ಸರಳವಾದ ಮಾತು. ಈಗ ದಿನಕ್ಕೆ ಹತ್ತು ಸಲ ಆ ಮಾತು ಕಿವಿಯಲ್ಲಿ ಕೇಳಿಸುತ್ತದೆ. ಅಂದು ನನಗೆ ಅದು ಹಳಬರ ಅಂಜಿಕೆಯಾಗಿ ಕೇಳಿಸಿತು. "ತಡೀರಿ ತಡೀರಿ ಅಂತಾನೇ ನಮ್ಮಜ್ಜಂದಿರನ್ನ ಮಣ್ಣು ಮಾಡಿದ್ರಲ್ಲ ಮಾಮು? ನೀವೂ ಅವರ ಕಡೆಗೇ ವಾಲ್ತೀರಾ?" ಎಂದುಬಿಟ್ಟೆ. ನನಗೆ ಕೆಲಸ ಕಲಿಸಿದ ಮನುಷ್ಯ. ಜನ ಮತ್ತೆ ಚಪ್ಪಾಳೆ ತಟ್ಟಿದರು. ಅವರು ಟೋಪಿ ತೆಗೆದು, ಒಮ್ಮೆ ಕೊಡವಿ, ಮತ್ತೆ ಹಾಕಿಕೊಂಡು ಕೂತರು.

ಸಭೆ ಮುಗಿಯುವ ಹೊತ್ತಿಗೆ ಪುಟ್ಟಮಾದವ್ವ ನನ್ನ ಸೆರಗು ಜಗ್ಗಿದಳು. "ಅಂಗಾರೆ ನನ್ ಮಗ್ಳು ನನ್ ಕೈಲೇ ಇರ್ತಾಳಾ ಚಿಕ್ತಾಯಿ?"

"ನಿನ್ ಕೈಲೇ ದೊಡ್ಡವ್ವ. ಎಷ್ಟೊತ್ತು ಬೇಕಾದ್ರೂ ನಿಲ್ಲಿಸ್ಕೊಂಡು ನೋಡು."

"ಯಾರ್ನೂ ಕೇಳಂಗಿಲ್ವಾ?"

"ಯಾರನ್ನೂ ಕೇಳಂಗಿಲ್ಲ."

"ಅಮ್ಮಣ್ಣೀನೂ?"

"ಅವರಪ್ಪನ್ನೂ ಕೇಳಂಗಿಲ್ಲ" ಎಂದೆ. ಅವಳು ನನ್ನ ಗಲ್ಲ ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಂಡಳು.

ಕೈ ಎತ್ತಿಸಿ ಎಣಿಸಿದರು. ಚಿಕ್ಕ ಫೈಲೇ ಗೆದ್ದಿತು. ನೂರ ಹನ್ನೆರಡು ಕ್ಯಾಸೆಟ್ಟುಗಳು ಚೀಲಗಳಲ್ಲಿ, ಬುಟ್ಟಿಗಳಲ್ಲಿ ಅಂಗಡಿಗೆ ಬಂದು ಬಿದ್ದವು. ದೊಡ್ಡಮನೆಯವರೂ ತಮ್ಮವನ್ನು ಆಳಿನ ತಲೆಯ ಮೇಲೆ ಕಳಿಸಿದರು. ಊರು ತೀರ್ಮಾನಿಸಿದ ಮೇಲೆ ಅವರೂ ಮೀರುವಂತಿರಲಿಲ್ಲ. ಮೊದಲು ನಮ್ಮಪ್ಪನಿದ್ದ ಮದುವೆ ಕ್ಯಾಸೆಟ್ಟನ್ನೇ ಹಾಕಿದೆ. ಫೈಲು ಎಷ್ಟು ಚಿಕ್ಕದಿರಬೇಕು ಎಂದು ಕಂಪ್ಯೂಟರು ಒಂದು ಗೆರೆ ತೋರಿಸುತ್ತದೆ. ಅದರ ಮೇಲಿನ ಗುಂಡಿಯನ್ನು ಎಡಕ್ಕೆ ಎಳೆದಷ್ಟೂ ಚಿಕ್ಕದಾಗುತ್ತದೆ. ಕೇರಿಯ ಫೋನುಗಳು ಮೂರು ಕೈ ದಾಟಿ ಬಂದವು, ಅವುಗಳಲ್ಲಿ ಜಾಗವೇ ಇರುವುದಿಲ್ಲ. ಒಬ್ಬರ ಫೋನೂ ಹೊರಗುಳಿಯಬಾರದೆಂದು ಎಳೆದೆ, ಇನ್ನೂ ಎಳೆದೆ, ಕೊನೆಯವರೆಗೂ ಎಳೆದೆ.

ಇಳಿಸಿ ಮುಗಿದ ಮೇಲೆ ನನ್ನ ಫೋನಿನಲ್ಲಿ ಹಾಕಿ ನೋಡಿದೆ. ಅಪ್ಪ ಮೆರವಣಿಗೆಯ ಮುಂದೆ ಬಂದ. ಗ್ಯಾಸ್‌ಲೈಟಿನ ಬೆಳಕೆಲ್ಲ ಅವನ ಮೈಮೇಲಿತ್ತು. ತಮಟೆಯನ್ನು ಎದೆಗವಚಿ ಮಂಡಿ ಬಾಗಿಸಿ ತಿರುಗಿದ. ಬೆವರು ಹೊಳೆಯುವುದೂ ಕಂಡಿತು. ಅಂಗೈಯಲ್ಲಿ ಅಪ್ಪ! ಹನ್ನೆರಡು ವರ್ಷ ಸರಳುಗಳ ನಡುವೆ ನನಗೆ ಸೀಳುಸೀಳಾಗಿ ಕಂಡವನು. ಅಂಗಡಿಯ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಇಷ್ಟು ಚೆನ್ನಾಗಿ ಬಂದಿದೆ, ಇನ್ನೇನು ಬೇಕು ಎಂದುಕೊಂಡು ಉಳಿದ ನೂರ ಹನ್ನೊಂದಕ್ಕೂ ಗುಂಡಿಯನ್ನು ಅಲ್ಲೇ ಬಿಟ್ಟೆ. ನಲವತ್ತು ದಿನ ಹಿಡಿಯಿತು. ಒಂದು ಟೇಪು ಓಡುತ್ತಿರುವಾಗ ನಾನು ತೆರೆಗೆ ಬೆನ್ನು ಹಾಕಿ ಮುಂದಿನ ಟೇಪಿನ ಬೂಷ್ಟು ಒರೆಸುತ್ತಿದ್ದೆ. ಕೆಲಸ ಬೇಗ ಸಾಗಬೇಕಿತ್ತು.

ಕಾರ್ಡು ಹಂಚಿದ್ದು ಒಂದು ಬೆಳಿಗ್ಗೆ, ಕೇರಿಯ ಬೇವಿನಮರದ ಕೆಳಗೆ. ಕೂಟದವರು ಹಾಡು ಹೇಳಿದರು. ಯಾರೋ ಮಂಡಕ್ಕಿ ಹಂಚಿದರು. ಅರ್ಧ ಗಂಟೆ ಹಬ್ಬವೇ ಆಯಿತು. ಮದುಮಕ್ಕಳು ಕಂಡರು, ಒಡವೆ ಕಂಡವು, ದೊಡ್ಡಮನೆಯ ಸತ್ತ ಅಜ್ಜ ಸೋಫಾದಲ್ಲಿ ಕೂತು ಕೋಡುಬಳೆ ಮುರಿಯುವುದು ಕಂಡಿತು. "ಗುರುವಯ್ಯಣ್ಣ ನೋಡ್ರೋ, ಎಂಗೆ ಕುಣಿತಾವ್ನೆ!" ಎಂದು ಕೂಗಿದರು. ಆಮೇಲೆ ಒಬ್ಬೊಬ್ಬರಾಗಿ ತಲೆ ಬಗ್ಗಿಸಿ ಫೋನನ್ನು ಕಣ್ಣಿನ ಹತ್ತಿರ ಹಿಡಿದರು. ಕೆಲವರು ಸೆರಗಿನಿಂದ ಗಾಜು ಒರೆಸಿದರು.

ಪುಟ್ಟಮಾದವ್ವ ಫೋನನ್ನು ನನ್ನ ಮುಖಕ್ಕೆ ಹಿಡಿದಳು. "ಎಡಗಡೆ ಮೂಲೇಲಿ ಇದೇನವ್ವ ಇಟ್ಗೆ ಜೋಡ್ಸಿಟ್ಟಂಗೈತಲ್ಲ?"

ಹೋಮದ ಬೆಂಕಿ ಕುಣಿಯುತ್ತಿತ್ತು. ಅಮ್ಮಣ್ಣಿಯ ಸೀರೆಯ ಜರಿ ಎಳೆ ಎಳೆಯಾಗಿ ಕಾಣುತ್ತಿತ್ತು. ಎಡಮೂಲೆಯಲ್ಲಿ ಬಾಳೆಕಂಬವೂ ಇತ್ತು. ಅದರ ಪಕ್ಕ ಕಂದು ಬಣ್ಣದ ನಾಲ್ಕೈದು ಚೌಕಗಳಿದ್ದವು. ಗೋಡೆಯೋ ನೆರಳೋ ಗೊತ್ತಾಗದು. ನಾನು ಹಿಂದಕ್ಕೆ ಓಡಿಸಿದೆ, ನಿಲ್ಲಿಸಿದೆ, ಹಿಗ್ಗಿಸಿದೆ. ಹಿಗ್ಗಿಸಿದಷ್ಟೂ ಚೌಕಗಳು ದೊಡ್ಡವಾದವು.

"ನನ್ ಮಗ್ಳೆಲ್ಲಿ?" ಎಂದಳು ಪುಟ್ಟಮಾದವ್ವ.

ಅಷ್ಟರಲ್ಲಿ ಮರದ ಸುತ್ತಲೂ ಅದೇ ಪ್ರಶ್ನೆ. ನಲ್ಲಿಯ ಬಳಿ ಪಾತ್ರೆ ಬೆಳಗುತ್ತಿದ್ದ ಅಜ್ಜಿ ಎಲ್ಲಿ? ಗ್ಯಾಸ್‌ಲೈಟು ಹೊತ್ತು ಬದಿಯಲ್ಲಿ ನಿಂತಿದ್ದ ಚಿಕ್ಕಪ್ಪ ಎಲ್ಲಿ? ಬೆಳಕು ಇತ್ತು, ಹೊತ್ತವನಿರಲಿಲ್ಲ. ಎಲೆಯ ಸಾಲಿನ ಕೊನೆಯಲ್ಲಿ ಬುಟ್ಟಿ ಹಿಡಿದು ಕಾಯುತ್ತಿದ್ದ ಮೂವರು ಸೇರಿ ಒಂದು ಬೂದು ಮಚ್ಚೆಯಾಗಿದ್ದರು. ಉಳ್ಳವರಲ್ಲಿ ಒಬ್ಬರೂ ಅಳಿಸಿಹೋಗಿರಲಿಲ್ಲ. ನಮ್ಮವರಲ್ಲಿ ತಮಟೆಯವರನ್ನು ಬಿಟ್ಟು ಒಬ್ಬರೂ ಉಳಿದಿರಲಿಲ್ಲ.

"ಚಿಕ್ತಾಯಿ ಅಪ್ಪ ಮಾತ್ರ ಚೆನ್ನಾಗವ್ನೆ" ಎಂದರು ಯಾರೋ. ಬೈಗುಳದ ದನಿಯಲ್ಲೇನೂ ಅಲ್ಲ, ಇದ್ದದ್ದನ್ನು ಹೇಳಿದ ಹಾಗೆ. ಅದನ್ನು ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂಗಡಿಗೆ ಓಡಿದೆ. ಬುಡನ್ ಮಾಮು ನನ್ನ ಫೋನು ಇಸಿದುಕೊಂಡು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅಷ್ಟು ಚಿಕ್ದು ಮಾಡು ಅಂದ್ರೆ ಅದೇನ್ ಮಾಡ್ತದೆ ಬೇಟಿ? ಎಲ್ಲೆಲ್ಲಿ ಜಾಗ ಉಳಿಸಬಹುದು ಅಂತ ಹುಡುಕ್ತದೆ. ಕುಣಿಯೋದನ್ನ, ಹೊಳೆಯೋದನ್ನ ಇಟ್ಕೊಳ್ತದೆ. ನೆರಳಲ್ಲಿ ಅಲುಗದೆ ನಿಂತಿರೋದನ್ನ ಗೋಡೆ ಅಂದ್ಕೊಂಡು ಗೋಡೆ ಜೊತೆಗೇ ಸೇರಿಸಿಬಿಡ್ತದೆ. ಅದು ಹೋದ್ರೂ ನೋಡೋರ ಕಣ್ಣಿಗೆ ಗೊತ್ತಾಗಲ್ಲ ಅಂತ ಲೆಕ್ಕ ಅದ್ರದ್ದು."

"ಯಾರ ಕಣ್ಣಿಗೆ ಮಾಮು?" ಎಂದೆ. ನನ್ನ ದನಿ ಕಿರುಚಿದಂತಿತ್ತು. ಯಾರ ಕಣ್ಣನ್ನು ಅಳತೆಗೋಲಾಗಿ ಇಟ್ಟುಕೊಂಡು ಈ ಗೆರೆ ಎಳೆದರು? ಕಿಟಕಿಯಾಚೆ ನಿಂತು ನೋಡಿದವರ ಕಣ್ಣನ್ನು ಯಾರಾದರೂ ಕೇಳಿದ್ದರೇ? ಬೀದಿಯಲ್ಲಿ, ಬಾವಿಯಲ್ಲಿ, ಗುಂಡಿಯಲ್ಲಿ ನಮ್ಮನ್ನು ಗೋಡೆ ಎಂದುಕೊಂಡ ಅದೇ ಲೆಕ್ಕ ಯಂತ್ರದೊಳಗೂ ಬಂದು ಕೂತಿದೆ ಎಂದು ಕೂಗಾಡಿದೆ. ಅದೆಲ್ಲ ನಿಜ, ಈಗಲೂ ನಿಜ. ಆದರೆ ಗುಂಡಿಯನ್ನು ಕೊನೆಯವರೆಗೂ ಎಳೆದ ಬೆರಳು ನನ್ನದು. ಮಾಮು ಸಭೆಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ಅವರು ಗೃಹಪ್ರವೇಶದ ಕ್ಯಾಸೆಟ್ಟನ್ನು ಹುಡುಕಿ ತಾವೇ ನಡುಗುವ ಕೈಯಲ್ಲಿ ವಿಸಿಆರಿಗೆ ತಳ್ಳಿದರು. ತೆರೆಯ ತುಂಬ ಬಿಳೀ ಕಾಳು ಸುರಿಯಿತು, ಎಲ್ಲೋ ಒಂದು ಮಂತ್ರದ ತುಣುಕು ಕೇಳಿಸಿತು, ಟೇಪು ಕಿತ್ತು ಯಂತ್ರದ ಬಾಯಲ್ಲಿ ಮುದ್ದೆಯಾಯಿತು.

ಮರುದಿನ ದೊಡ್ಡಮನೆಯ ಮುಂದೆ ಹಾದುಹೋಗುವಾಗ ಅಮ್ಮಣ್ಣಿ ಕಿಟಕಿಯಲ್ಲಿದ್ದರು. "ನಾವು ಕಿಟಕೀನಾದ್ರೂ ತೆಗೆದಿದ್ವಲ್ಲೇ ಚಿಕ್ಕತಾಯಿ" ಎಂದರು. ಆ ಹೆಂಗಸಿಗೆ ಕೊಡಲು ನನ್ನಲ್ಲಿ ನೂರು ಉತ್ತರಗಳಿದ್ದವು. ನಿಮ್ಮ ಗುಂಡಿಯಲ್ಲಿ ಸತ್ತವಳನ್ನು ನೋಡಲು ನಿಮ್ಮ ಅಂಗಳ ಗುಡಿಸಿದ ತಾಯಿಗೆ ಒಂದು ಗಳಿಗೆ ಟೇಪು ನಿಲ್ಲಿಸಲಿಲ್ಲವಲ್ಲ ಎನ್ನಬಹುದಿತ್ತು. ತಲೆ ತಗ್ಗಿಸಿ ನಡೆದುಬಿಟ್ಟೆ. ಅವರ ತಪ್ಪು ಸಣ್ಣದಾಯಿತೆಂದಲ್ಲ. ಅದನ್ನು ಎತ್ತಿ ತೋರಿಸುವ ಕೈ ನನ್ನದಾಗಿ ಉಳಿದಿರಲಿಲ್ಲ.

ಕೂಟದವರು ನನ್ನನ್ನು ಕೈಬಿಡಲಿಲ್ಲ. "ಬೂಷ್ಟು ಹಿಡಿದಿತ್ತು ಕಣಕ್ಕ, ಹೆಂಗಿದ್ರೂ ಹೋಗ್ತಿತ್ತು" ಎಂದರು. ನನಗೆ ಸಮಾಧಾನ ಹೇಳಲು ಅವರು ಹೇಳಿದ ಸುಳ್ಳು ಅದು. ಅಕ್ಕಿ ತುಂಬಿದ ಪೆಟ್ಟಿಗೆಯಲ್ಲಿ ಮೂರು ತಿಂಗಳು ಇಡಬಹುದಿತ್ತು. ಮಾಮು ಮೂರೇ ತಿಂಗಳು ಕೇಳಿದ್ದರು.

ಅಮಾವಾಸ್ಯೆಯ ಮಧ್ಯಾಹ್ನ ಪುಟ್ಟಮಾದವ್ವ ನಮ್ಮ ಮನೆಗೆ ಬಂದಳು. ಬಯ್ಯಲು ಬಂದಳೆಂದುಕೊಂಡೆ. ಬಯ್ದಿದ್ದರೆ ಹಗುರಾಗುತ್ತಿದ್ದೆ. ಅವಳು ಒಳಗೆ ಬಂದು, ನೀರು ಕೇಳಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಗೋಡೆಗೊರಗಿ ಕೂತಳು.

"ನೋಡು ಚಿಕ್ತಾಯಿ, ಆ ಟೇಪು ಕಡೇ ಸಲ ಓಡ್ದಾಗ ನೀನೊಬ್ಳೇ ಇದ್ದೋಳು. ಅವತ್ತು ನನ್ ಮಗ್ಳು ಎಂಗಿದ್ಲು, ಒಸಿ ಹೇಳು."

ಆ ಹೊತ್ತಿನಲ್ಲಿ ನಾನು ತೆರೆಗೆ ಬೆನ್ನು ಹಾಕಿ ಯಾವ ಮನೆಯ ನಾಮಕರಣದ ಟೇಪು ಒರೆಸುತ್ತಿದ್ದೆನೋ. ಕಿಟಕಿಯಲ್ಲಿ ಇದೇ ಹೆಂಗಸಿನ ಪಕ್ಕ ನಾಲ್ಕು ವರ್ಷ ನಿಂತವಳು ನಾನು. ನಿಂತದ್ದು ಅಪ್ಪನಿಗಾಗಿ. ಅವನು ಬಂದು ಹೋದ ಮೇಲೆ ತಿರುಗಿ ನಡೆದುಬಿಡುತ್ತಿದ್ದೆ. ದೇವೀರಿಯ ಮುಖವನ್ನು ನೆನೆಯಲು ಕಣ್ಣು ಮುಚ್ಚಿದೆ. ಬಾಳೆಕಂಬ ಬಂತು. ಅದರಾಚೆಗೆ ಏನೂ ಬರಲಿಲ್ಲ.

"ಚೆನ್ನಾಗಿದ್ಲು ದೊಡ್ಡವ್ವ" ಎಂದೆ. "ಈ ಕಡೆ ನೋಡಿ ನಕ್ಲು."

ಪುಟ್ಟಮಾದವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾಕು ವರ್ಸ ನೋಡಿವ್ನಿ ಕಣವ್ವ. ಒಂದು ದಿನಾನೂ ನಕ್ಕೋಳಲ್ಲ. ಈ ಕಡೆ ನೋಡ್ದೋಳೂ ಅಲ್ಲ. ಕಾಲ್ಗೆಜ್ಜೆ ಬಿದ್ದೋಯ್ತೇನೋ ಅನ್ನಂಗೆ ನೆಲ ನೋಡ್ಕಂಡೇ ನಿಂತಿರೋಳು." ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ. "ಓಗ್ಲಿ ಬಿಡು. ನೀನೂ ನೋಡಿರ್ನಿಲ್ಲ."

ಅವಳು ಮಡಿಲಿನಿಂದ ಫೋನು ತೆಗೆದು ನನ್ನ ಮುಂದೆ ಇಟ್ಟಳು. "ಇದ್ರಲ್ಲಿರೋದನ್ನ ಅಳಿಸ್ಬುಡು. ನಂಗೆ ಒತ್ತೋದು ಗೊತ್ತಾಗಾಕಿಲ್ಲ."

"ಇರ್ಲಿ ದೊಡ್ಡವ್ವ, ಯಾರಾದ್ರೂ ತಿಳಿದೋರು ಮುಂದೆ ಯಾವಾಗಾದ್ರೂ ಸರಿ ಮಾಡಬಹುದು" ಎಂದೆ. ಅದೂ ಸುಳ್ಳೇ.

"ಅವರ ಹಬ್ಬಾನ ನಾನ್ಯಾಕೆ ಮಡ್ಲಲ್ಲಿಟ್ಕಂಡು ತಿರುಗ್ಲಿ? ಅಳಿಸು. ಜಾಗಾನಾದ್ರೂ ಆಗ್ಲಿ."

ಫೋನು ತೆಗೆದುಕೊಂಡೆ. ಗೃಹಪ್ರವೇಶದ ಫೈಲನ್ನು ಒತ್ತಿ ಹಿಡಿದೆ. ತೆರೆಯ ಮೇಲೆ ಒಂದು ಸಾಲು ಮೂಡಿತು. ಪುಟ್ಟಮಾದವ್ವ ಬಗ್ಗಿ ನೋಡಿ, "ಏನಂತೆ?" ಎಂದಳು. ಕಾರ್ಖಾನೆಯ ಕಟ್ಟೆಯ ಮೇಲೆ ಅಕ್ಷರ ಬಾರದವರಿಗಾಗಿ ಓದಿ ಓದಿ ಪಳಗಿದ ದನಿ ನನ್ನದು. ಅದೇ ದನಿಯಲ್ಲಿ ಓದಿ ಹೇಳಿದೆ.

"ಖಚಿತವಾಗಿ ಅಳಿಸಬೇಕೇ ಅಂತ ಕೇಳ್ತಾ ಇದೆ ದೊಡ್ಡವ್ವ. ಅಳಿಸಿದರೆ ಮತ್ತೆ ಸಿಗುವುದಿಲ್ಲ ಅಂತ."

"ಈಗ ಕೇಳ್ತೈತಾ?" ಎಂದಳು ಪುಟ್ಟಮಾದವ್ವ. ಆಮೇಲೆ, "ಹೂಂ ಅನ್ನು" ಎಂದಳು.